ಶಟರಿನ ಆ ಬದಿ

ಸಾತ್ವಿಕಾಳ ಕಂಪ್ಯೂಟರಿನಲ್ಲಿ ಆ ದಿನ ಇನ್ನೂರು ಸಲ ಮದುವೆಯೂಟ ನಡೆಯಿತು. ಇನ್ನೂರು ಸಲವೂ ಯಾರೂ ಸಾಯಲಿಲ್ಲ.

ಮೂಡುಬಿದಿರೆಯ ಇಂಜಿನಿಯರಿಂಗ್ ಕಾಲೇಜೊಂದರ ಎರಡನೇ ಮಹಡಿಯ ಲ್ಯಾಬು ಅದು. ಅವಳು ಅಲ್ಲೇ ಓದಿ, ಅಲ್ಲೇ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಸೇರಿ ಎಂಟು ತಿಂಗಳಾಗಿತ್ತು. ಪರದೆಯ ಮೇಲೆ ಒಂದು ಸಭಾಭವನದ ನಕ್ಷೆ. ಮೇಲೆ ಧಾರೆ ಎರೆಯುವ ಹಾಲ್, ಕೆಳಗೆ ಊಟದ ಹಾಲ್, ನಡುವೆ ಇಪ್ಪತ್ತೆರಡು ಮೆಟ್ಟಿಲು. ಹನ್ನೊಂದು ಇಳಿದಲ್ಲಿ ಒಂದು ತಿರುವು, ಎಲ್ಲಕ್ಕಿಂತ ಕೆಳಗೆ ಒಂದು ಕಬ್ಬಿಣದ ಶಟರ್. ಜನರೆಲ್ಲ ಚುಕ್ಕಿಗಳು. ಒಂದೊಂದು ಚುಕ್ಕಿಗೂ ಇಷ್ಟಿಷ್ಟೇ ಬುದ್ಧಿ ಕೊಟ್ಟಿರುತ್ತದೆ: ಊಟದ ಹಾಲ್‌ನ ಕಡೆ ನಡೆ, ಎದುರಿನವರಿಗೆ ತಾಗಬೇಡ, ತಾಗಿದರೆ ಪಕ್ಕಕ್ಕೆ ಸರಿ, ಗೋಡೆ ಬಂದರೆ ತಿರುಗು. ಇಷ್ಟೇ ಬುದ್ಧಿಯ ನಾನೂರು ಚುಕ್ಕಿಗಳನ್ನು ಒಟ್ಟಿಗೆ ಬಿಟ್ಟರೆ ಅವು ಮನುಷ್ಯರ ಹಾಗೆಯೇ ಹರಿಯುತ್ತವೆ, ತಿರುವಿನಲ್ಲಿ ಕಟ್ಟಿಕೊಳ್ಳುತ್ತವೆ, ಆಮೇಲೆ ಬಿಡಿಸಿಕೊಳ್ಳುತ್ತವೆ. ಮೊದಲ ಸಲ ನೋಡಿದಾಗ ಸಾತ್ವಿಕಾಳಿಗೆ ಮೈ ಜುಂ ಎಂದಿತ್ತು.

“ನಿನ್ನ ಚುಕ್ಕಿಗಳು ಭಾರೀ ಒಳ್ಳೆಯವು ಮಾರಾಯ್ತಿ,” ಎಂದಳು ಪಕ್ಕದ ಕುರ್ಚಿಯ ಸುರಕ್ಷಾ. “ಹೋಳಿಗೆ ಮುಗೀತದೆ ಅಂತ ಗೊತ್ತಿದ್ದರೆ ಹೀಗೆ ನಡೀತಿದ್ದವಾ ಇವು? ನಮ್ಮ ದೊಡ್ಡಮ್ಮನನ್ನು ಒಂದು ಚುಕ್ಕಿ ಮಾಡಿ ಹಾಕಿ ನೋಡು. ಆಗ ಗೊತ್ತಾಗ್ತದೆ.”

ಸಾತ್ವಿಕಾ ನಗಲಿಲ್ಲ. ಸುರಕ್ಷಾ ತಟ್ಟನೆ ನೆನಪಾದವಳಂತೆ ನಾಲಿಗೆ ಕಚ್ಚಿಕೊಂಡು, “ಸಾರಿ,” ಎಂದು ತನ್ನ ಪರದೆಯ ಕಡೆ ತಿರುಗಿದಳು.

ಯಾಕೆಂದರೆ ಆ ಸಭಾಭವನದಲ್ಲಿ, ಆ ಶಟರಿನ ಬುಡದಲ್ಲಿ, ನಿಜವಾಗಿ ಒಬ್ಬರು ಸತ್ತಿದ್ದರು. ಆ ಶಟರನ್ನು ಎಳೆದು ಹಾಕಿದವರು ಸಾತ್ವಿಕಾಳ ಅಪ್ಪ.

ಈ ಕಡೆಯ ಮದುವೆಯೂಟದ ಒಂದು ಸಂಗತಿ ಎಲ್ಲರಿಗೂ ಗೊತ್ತಿರುವುದೇ. ಮೊದಲ ಪಂಕ್ತಿಯವರು ಸಾರಿನವರೆಗೂ ಬಂದಿರುವುದಿಲ್ಲ, ಆಗಲೇ ಎರಡನೇ ಪಂಕ್ತಿಯವರು ಬಂದು ಅವರ ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾರೆ. ಕೂತವರಿಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಇನ್ನೊಂದು ಸೌಟು ಪಾಯಸ ಕೇಳಲು ಬಾಯಿ ಬರುವುದಿಲ್ಲ. ಮಜ್ಜಿಗೆ ಕುಡಿದೆವೋ ಇಲ್ಲವೋ ಎಂದು ಎದ್ದುಬಿಡುತ್ತಾರೆ. ಅಪ್ಪನಿಗೆ, ನರಿಕೊಂಬಿನ ಭೋಜರಿಗೆ, ಇದು ಕಂಡರಾಗದು. “ಉಣ್ಣುವವರ ಬೆನ್ನಿಗೆ ಕಣ್ಣು ತಾಗಬಾರದು. ಕರೆದು ಕೂರಿಸಿ ಅವಮಾನ ಮಾಡುವುದಾ?” ಎನ್ನುತ್ತಿದ್ದರು. ಹಾಗಾಗಿ ಕುಟುಂಬದ ಮದುವೆಗಳಲ್ಲಿ ಊಟದ ಹಾಲ್‌ನ ಬಾಗಿಲನ್ನು ಅವರೇ ಕಾಯುತ್ತಿದ್ದರು. ಎಂಜಲೆಲೆ ಎತ್ತಿ, ಮೇಜು ಒರೆಸಿ, ಹೊಸ ಎಲೆ ಹಾಕಿ, ಉಪ್ಪು ಉಪ್ಪಿನಕಾಯಿ ಬಡಿಸಿದ ಮೇಲೆಯೇ ಮುಂದಿನ ಪಂಕ್ತಿಯವರನ್ನು ಒಳಗೆ ಬಿಡುವುದು. ಭೋಜಣ್ಣ ಬಾಗಿಲಲ್ಲಿ ಇದ್ದರೆ ಊಟ ಊಟದ ಹಾಗೆ ಇರುತ್ತದೆ ಎಂದು ಜನ ಹೇಳುತ್ತಿದ್ದರು. ಅವರಿಗೆ ಅದೊಂದು ಹೆಮ್ಮೆ.

ಕಳೆದ ಮೇ ತಿಂಗಳಲ್ಲಿ ಬೆಳ್ತಂಗಡಿ ಕಡೆ ಕೊಟ್ಟ ಅವರ ಅಕ್ಕನ ಮಗಳ ಮದುವೆ. ಸೋದರಮಾವ ಅಂದಮೇಲೆ ಬಾಗಿಲು ಅವರದ್ದೇ. ಮೊದಲ ಪಂಕ್ತಿ ಏಳುವಾಗ ಶಟರ್ ಎಳೆದರು. ಉಂಡವರು ಹಿಂದೆ ಕೈ ತೊಳೆಯುವ ಕಡೆಯಿಂದ ಹೊರಗೆ ಹೋದರು. ಎಲೆ ಹಾಕುವವರು ಕಡಿಮೆ ಇದ್ದರು, ತಡವಾಯಿತು. ಆರೇಳು ನಿಮಿಷ ಇರಬಹುದು. ಶಟರ್ ಒಮ್ಮೆ ಗಡಗಡ ಎಂದಿತು. ಹಸಿದವರ ಅವಸರ ಎಂದುಕೊಂಡರು. ಎಲೆ ಹಾಕಿ ಆಗಿ ಮೇಲೆತ್ತಲು ಹೋದರೆ ಶಟರ್ ಏಳಲಿಲ್ಲ, ಹೊಟ್ಟೆ ಬಂದವರ ಹಾಗೆ ಒಳಕ್ಕೆ ಉಬ್ಬಿತ್ತು. ಬಡಿಸುವ ನಾಲ್ವರು ಸೇರಿ ಎತ್ತಿದರು. ಎತ್ತಿದ ಕೂಡಲೇ ಒಬ್ಬ ಹೆಂಗಸು ಜಾರಿ ಅವರ ಪಾದದ ಮೇಲೆ ಬಂದು ಬಿದ್ದರು. ಅವಸರಕ್ಕೆ ಬಗ್ಗಿ ಒಳಗೆ ನುಗ್ಗಿದ್ದು ಎಂದು ಭಾವಿಸಿ ಅಪ್ಪ, “ನಿಧಾನ ಅಕ್ಕ, ಎಲೆ ಉಂಟು,” ಎಂದರಂತೆ.

ಅವರು ಅಮ್ಮಣಿ. ಆ ಅಕ್ಕನ, ಅಂದರೆ ಸಾತ್ವಿಕಾಳ ಅತ್ತೆಯ, ಮನೆಯ ನೆರೆಯವರು, ಗುಡ್ಡದ ಬುಡದ ಚನಿಯಪ್ಪನವರ ಹೆಂಡತಿ. ಆಸ್ಪತ್ರೆಗೆ ತಲುಪುವ ಮೊದಲೇ ಮುಗಿದಿತ್ತು. ಇನ್ನೂ ಎಂಟು ಜನರಿಗೆ ಪಕ್ಕೆಲುಬು, ಕೈಕಾಲು ಮುರಿದಿತ್ತು. ಪೊಲೀಸರು ಬಂದು ಹೋದರು. ಹೃದಯ ಮೊದಲೇ ವೀಕ್ ಇತ್ತಂತೆ ಎಂದು ಯಾರೋ ಹೇಳಿದರು, ಅದು ಹಾಗೆಯೇ ಊರೆಲ್ಲ ಆಯಿತು. ಅಪ್ಪನ ಹೆಗಲು ಮುಟ್ಟಿದವರೆಲ್ಲ ಒಂದೇ ಮಾತು ಹೇಳಿದರು: “ಹಣೆಬರಹ ಭೋಜಣ್ಣ. ನೀವು ಎಂತ ಮಾಡಲಿಕ್ಕೆ ಆಗ್ತದೆ?”

ಅಪ್ಪ ಆಮೇಲೆ ಯಾವ ಮದುವೆಯಲ್ಲೂ ಊಟಕ್ಕೆ ಕೂರಲಿಲ್ಲ. ಮುಖ ತೋರಿಸಿ, ಹಸಿದುಕೊಂಡೇ ಮನೆಗೆ ಬರುತ್ತಿದ್ದರು. ಮನೆಯ ಯಾವ ಬಾಗಿಲಿಗೂ ಅಗುಳಿ ಹಾಕುತ್ತಿರಲಿಲ್ಲ. ಬಚ್ಚಲಿನ ಬಾಗಿಲು ಕೂಡ ಅರ್ಧ ತೆರೆದೇ ಇರುತ್ತಿತ್ತು, ಹೊರಗಿನಿಂದ ಅಮ್ಮ ಕುಸುಮ ಟವೆಲು ಅಡ್ಡ ಹಾಕಿ ಬರುತ್ತಿದ್ದಳು.

ಈಗ ಅದೇ ಅತ್ತೆಯ ಮಗ ಉಜ್ವಲ್‌ನ ಮದುವೆ, ಅದೇ ಸಭಾಭವನದಲ್ಲಿ, ಇನ್ನು ಮೂರೇ ವಾರ. ಅತ್ತೆ ಫೋನಿನಲ್ಲಿ ಅತ್ತು, “ನೀನು ಬಾಗಿಲಲ್ಲಿ ನಿಲ್ಲದಿದ್ದರೆ ಜನ ಅದನ್ನೇ ಮಾತಾಡ್ತಾರೆ ತಮ್ಮ,” ಎಂದಿದ್ದರು. ಅಮ್ಮ ಒಂದು ಪ್ರಶ್ನೆ ಇಡಿಸುವ, ಜೋಯಿಸರು ಎಂತ ಹೇಳ್ತಾರೆ ನೋಡುವ ಎಂದಳು. ಅಪ್ಪ ತಲೆ ಅಲ್ಲಾಡಿಸಿದರು.

“ಜೋಯಿಸರು ಬೇಡ. ಸಾತ್ವಿಕಾಳ ಹತ್ತಿರ ಅದೇ ಸಭಾಭವನದ ಲೆಕ್ಕ ಬಂದಿದೆಯಲ್ಲ. ಅದರಲ್ಲಿ ಎಂತ ಕಾಣ್ತದೆ ಹೇಳಲಿ.” ಆಮೇಲೆ ಅವಳ ಮುಖ ನೋಡದೆ ಕೇಳಿದರು. “ನಾನು ಶಟರ್ ಹಾಕದಿದ್ದರೆ ಅವರು ಬದುಕುತ್ತಿದ್ದರಾ? ನನಗೆ ಅಷ್ಟು ಗೊತ್ತಾದರೆ ಸಾಕು. ಅದರ ಮೇಲೆ ನಿಲ್ಲುವುದಾ ಬೇಡವಾ ನೋಡ್ತೇನೆ.”

ಸಭಾಭವನದವರು ಊಟದ ಹಾಲ್‌ಗೆ ಒಳಬರುವ ಇನ್ನೊಂದು ಬಾಗಿಲು ಎಲ್ಲಿ ಇಡಬೇಕೆಂದು ಕೇಳಿಕೊಂಡು ಕಾಲೇಜಿಗೆ ಬಂದದ್ದು ನಿಜ. ನಕ್ಷೆ ಮತ್ತು ಮೆಟ್ಟಿಲಿನ ಸಿಸಿಟಿವಿಯ ತುಣುಕನ್ನು ಪೆನ್‌ಡ್ರೈವಿನಲ್ಲಿ ಕೊಟ್ಟು ಹೋಗಿದ್ದರು. ವಿಭಾಗದ ಕಮಲಾಕ್ಷ ಸರ್ ಮೊದಲೇ ಹೇಳಿದ್ದರು, “ನಿನಗೆ ಕಷ್ಟ ಆಗ್ತದೆ ಸಾತ್ವಿಕಾ, ಬೇರೆಯವರಿಗೆ ಕೊಡ್ತೇನೆ.” ತಲೆ ತಗ್ಗಿಸಿಕೊಂಡೇ ಅವಳು, “ಇಲ್ಲ ಸರ್, ನಾನೇ ಮಾಡ್ತೇನೆ,” ಎಂದಿದ್ದಳು. ಕಾಲೇಜಿನ ಇಷ್ಟು ವರ್ಷಗಳಲ್ಲಿ ಅವಳು ಸರ್‌ಗೆ ಇಲ್ಲ ಎಂದದ್ದು ಅದೊಂದೇ ಸಲ.

ಇನ್ನೂರು ಸಲ ಓಡಿಸಿದ ಫಲಿತಾಂಶ ನೋಡಿ ಕಮಲಾಕ್ಷ ಸರ್‌ಗೆ ಸಮಾಧಾನವಾಯಿತು. “ಶಟರ್ ಹಾಕಿದ್ದರೂ ಒತ್ತಡ ಮಿತಿ ದಾಟುವುದಿಲ್ಲ. ಅಂದರೆ ಅವರಿಗೆ ಹೃದಯದ ತೊಂದರೆಯೇ ಇದ್ದಿರಬೇಕು. ರಿಪೋರ್ಟ್ ಬರಿ. ತಂದೆಯವರಿಗೂ ಹೇಳು, ಅವರ ಮನಸ್ಸಿಗೆ ಹಗುರ ಆಗ್ತದೆ.”

ಸಿದ್ಧಕಟ್ಟೆಯ ದಾರಿಯಲ್ಲಿ ಬಸ್ಸಿಗೆ ತೂಗಿಕೊಂಡು ಬರುವಾಗ ಸಾತ್ವಿಕಾ ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡಳು. ಹಾಕಿದ್ದರೂ ಒಂದೇ, ಹಾಕದಿದ್ದರೂ ಒಂದೇ ಅಪ್ಪ. ಎಷ್ಟು ಸುಲಭದ ವಾಕ್ಯ. ಮನೆಗೆ ಬಂದರೆ ಅಪ್ಪ ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದರು. ಪೇಪರು ನಿನ್ನೆಯದು.

“ಬಂತಾ?”

ಅವಳು ಬಾಯಿ ತೆರೆದಳು. ಅಮ್ಮಣಿಯವರು ಸತ್ತದ್ದು ಸುಳ್ಳಲ್ಲವಲ್ಲ, ಎಂಟು ಜನರ ಮೂಳೆ ಮುರಿದದ್ದು ಹೃದಯದ ತೊಂದರೆಯಿಂದ ಅಲ್ಲವಲ್ಲ ಎಂಬ ಮಾತು ಎಲ್ಲಿಂದಲೋ ಬಂದು ನಾಲಿಗೆಯ ಮೇಲೆ ಕೂತಿತು. “ಇನ್ನೂ ಆಗಿಲ್ಲ ಅಪ್ಪ,” ಎಂದು ಒಳಗೆ ಹೋದಳು.

ಮರುದಿನ ಅವಳು ಆ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದಳು. ಯಾವುದೋ ದೂರದ ದೇಶದವರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು ಅದು. ನಡುವೆ ಒಂದು ನಿಯಮ ಇತ್ತು: ಒಂದು ಚುಕ್ಕಿಯ ಮೇಲೆ ಒತ್ತಡ ಇಷ್ಟಕ್ಕಿಂತ ಹೆಚ್ಚಾದರೆ ಅದು ಕೂಗುತ್ತದೆ. ಕೂಗಿದ್ದು ಹಿಂದಿನವರಿಗೆ ಮುಟ್ಟುತ್ತದೆ, ಅವರು ನಿಲ್ಲುತ್ತಾರೆ. ಬಾಗಿಲಿನವನಿಗೂ ಮುಟ್ಟುತ್ತದೆ, ಅವನು ತೆಗೆಯುತ್ತಾನೆ. ಆ ನಿಯಮದಿಂದಲೇ ಇನ್ನೂರು ಸಲ ಎಲ್ಲರೂ ಬದುಕಿದ್ದು. ಹಾಗಾದರೆ ಆ ದಿನ ಕೂಗಿದ್ದು ಅಪ್ಪನಿಗೆ ಯಾಕೆ ಕೇಳಲಿಲ್ಲ?

ಅವಳು ಸಿಸಿಟಿವಿಯ ತುಣುಕನ್ನು ಮತ್ತೆ ಹಾಕಿದಳು. ಮೊದಲು ನೋಡಿದಾಗ ತಲೆಗಳನ್ನು ಎಣಿಸಿ ಜಾಗ ಗುರುತು ಮಾಡಿದ್ದಳು, ಮುಖ ನೋಡಿರಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ಆ ಕ್ಯಾಮೆರಾದಲ್ಲಿ ಶಬ್ದ ಬರುವುದಿಲ್ಲ, ಹಾಗಾಗಿ ಗಲಾಟೆ ಇತ್ತು, ತನಗೆ ಕೇಳುತ್ತಿಲ್ಲ ಅಷ್ಟೇ ಎಂದು ಭಾವಿಸಿದ್ದಳು. ಈಗ ಚಿತ್ರವನ್ನು ನಿಲ್ಲಿಸಿ, ದೊಡ್ಡದು ಮಾಡಿ, ಒಂದೊಂದೇ ಮುಖ ನೋಡಿದಳು.

ಕೆಳಗಿದ್ದ ಎಲ್ಲರ ಬಾಯಿ ಮುಚ್ಚಿತ್ತು.

ತಿರುವಿನಿಂದ ಮೇಲಿನವರಿಗೆ ಕೆಳಗಿನದು ಕಾಣುವುದಿಲ್ಲ, ಅವರು ಮಾತಾಡಿಕೊಂಡು ಇಳಿಯುತ್ತಲೇ ಇದ್ದರು. ತಿರುವಿನಿಂದ ಕೆಳಗಿನವರು ಮಾತ್ರ ಬಾಯಿ ಮುಚ್ಚಿ, ಕುತ್ತಿಗೆ ಎತ್ತಿ, ಮೇಲಿನ ಮಾಡಿನ ಕಡೆ ನೋಡುತ್ತಿದ್ದರು. ಶಟರಿಗೆ ಎದೆ ತಾಗಿಸಿ ನಿಂತ ಹಸಿರು ಸೀರೆಯ ಅಮ್ಮಣಿ. ಅವರ ಪಕ್ಕದಲ್ಲಿ ಬಿಳಿ ಶರ್ಟಿನ ಚನಿಯಪ್ಪ. ಚನಿಯಪ್ಪ ಹಿಂದಿನವರ ಕಡೆ ಅರ್ಧ ತಿರುಗಿ ನಗುತ್ತಿದ್ದರು. ತಪ್ಪು ಮಾಡಿ ಸಿಕ್ಕಿಬಿದ್ದವರು ನಗುವ ಹಾಗಿನ ನಗು.

ಸಾತ್ವಿಕಾ ಆ ನಗುವನ್ನು ತುಂಬ ಹೊತ್ತು ನೋಡಿದಳು. ಅದು ಅವಳಿಗೆ ಗೊತ್ತಿದ್ದ ನಗು.

ಶನಿವಾರ ಮನೆಯಲ್ಲಿ ಲ್ಯಾಬು ಉಂಟು ಎಂದು ಹೇಳಿ ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ಬೆಳ್ತಂಗಡಿಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಗುಡ್ಡದ ಬುಡಕ್ಕೆ ಹೋದಳು. ಚನಿಯಪ್ಪ ಅಂಗಳದಲ್ಲಿ ರಬ್ಬರು ಶೀಟುಗಳನ್ನು ಬಿಸಿಲಿಗೆ ಹಾಕುತ್ತಿದ್ದರು. ಎಪ್ಪತ್ತರ ಹತ್ತಿರದ ಮನುಷ್ಯ, ಕೈ ಮಾತ್ರ ಇನ್ನೂ ಗಟ್ಟಿ.

“ಯಾರು ಮಗಾ?”

“ನಾನು... ನರಿಕೊಂಬಿನ ಭೋಜರ ಮಗಳು.”

ಕೈಯಲ್ಲಿದ್ದ ಶೀಟು ಅಲ್ಲೇ ನಿಂತಿತು. ಹೋಗು ಎನ್ನಬಹುದು ಎಂದು ಅವಳು ಕಾದಳು. ಅವರು ಶೀಟನ್ನು ತಂತಿಗೆ ಹಾಕಿ, ಕೈ ಒರೆಸಿಕೊಂಡು, ಒಳಗಿನಿಂದ ಒಂದು ಚೆಂಬು ನೀರು ಮತ್ತು ಬೆಲ್ಲ ತಂದು ಜಗಲಿಯಲ್ಲಿ ಇಟ್ಟರು. “ಬಿಸಿಲಿಗೆ ಬಂದಿದ್ದಿ. ಕುಡಿ.”

ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಪ್ರಶ್ನೆಗಳೆಲ್ಲ ಚೆಲ್ಲಿಹೋದವು. “ಅಜ್ಜ, ಆ ದಿನ ಯಾರಾದರೂ ಕೂಗಿದರಾ? ಬಾಗಿಲು ತೆಗೆಯಿರಿ ಅಂತ?” ಎಂದಷ್ಟೇ ಕೇಳಿದಳು.

ಚನಿಯಪ್ಪ ಜಗಲಿಯ ಅಂಚಿನಲ್ಲಿ ಕೂತರು.

“ಅವಳಿಗೆ ಸಕ್ಕರೆ ಕಾಯಿಲೆ,” ಎಂದರು. “ಹೊತ್ತಿಗೆ ಸರಿಯಾಗಿ ತಿನ್ನಬೇಕು ಅಂತ ಡಾಕ್ಟರು. ಅದಕ್ಕೇ ನಾನು ಮುಂದೆ ಕರಕೊಂಡು ಹೋಗಿ ನಿಲ್ಲಿಸಿದ್ದು. ಅವಳಿಗೆ ಅದೇ ನಾಚಿಕೆ. ಎಲ್ಲರಿಗಿಂತ ಮುಂದೆ ನಿಂತರೆ ಜನ ಎಂತ ಹೇಳ್ಯಾರು, ಊಟ ಕಾಣದವರು ಅಂತ ಹೇಳ್ಯಾರು ಅಂತ. ಹಿಂದಿನಿಂದ ಒತ್ತಿತು. ಉಸಿರು ಕಟ್ಟುತ್ತದೆ ಅಂದಳು. ಕರೀತೇನೆ ಅಂದಳು. ನಾನು...” ಅವರು ಬೆಲ್ಲದ ತಟ್ಟೆಯನ್ನು ಆಚೆ ಸರಿಸಿದರು. “ಬೊಬ್ಬೆ ಹಾಕಬೇಡ ಮಾರಾಯ್ತಿ ಅಂದೆ. ದೊಡ್ಡವರ ಮನೆಯ ಮದುವೆ. ಊಟಕ್ಕೆ ಬೊಬ್ಬೆ ಹಾಕಿದರು ಅಂತ ನಾಳೆ ಆಗ್ತದೆ. ಈಗ ತೆಗೀತಾರೆ, ಸ್ವಲ್ಪ ತಡೆ ಅಂದೆ. ಅವಳು ನನ್ನ ಮಾತು ಮೀರಿದವಳೇ ಅಲ್ಲ.”

ದೂರದಲ್ಲಿ ಯಾರೋ ಮರ ಕಡಿಯುವ ಮೆಷಿನಿನ ಸದ್ದು ಕೇಳುತ್ತಿತ್ತು.

“ನಿನ್ನ ಅಪ್ಪ ಹದಿನಾರನೇ ದಿನದ ಕಾರ್ಯಕ್ಕೆ ಬಂದು ಅಂಗಳದಲ್ಲೇ ನಿಂತು ಹೋದರು. ನನಗೆ ಅವರ ಮುಖ ನೋಡಲಿಕ್ಕೆ ಆಗಲಿಲ್ಲ. ಎಲ್ಲರೂ ಅವರು ಬಾಗಿಲು ಹಾಕಿದ್ದರಿಂದ ಅಂತ ಹಿಂದಿನಿಂದ ಹೇಳುವಾಗ ನಾನು ಸುಮ್ಮನೆ ಇದ್ದೆ. ಇದನ್ನು ನಿನ್ನ ಲೆಕ್ಕಕ್ಕೆ ಹಾಕು ಮಗಾ. ನನ್ನ ಹೆಸರು ಮಾತ್ರ ಬೇಡ. ಸೊಸೆಗೂ ಗೊತ್ತಿಲ್ಲ.”

ಹಿಂತಿರುಗುವ ಬಸ್ಸು ತುಂಬಿತ್ತು. ಸಾತ್ವಿಕಾ ಕಂಬಿ ಹಿಡಿದು ನಿಂತು ತನ್ನದೇ ಒಂದು ಸಂಗತಿ ನೆನೆದಳು. ಪಿಯುಸಿಯಲ್ಲಿರುವಾಗ ಒಂದು ಸಂಜೆ ಹೀಗೆಯೇ ತುಂಬಿದ ಬಸ್ಸಿನಲ್ಲಿ ಅವಳ ಸ್ಟಾಪು ಬಂದು ಹೋಯಿತು. “ಇಳಿಯಲಿಕ್ಕೆ ಉಂಟು” ಎಂಬ ಎರಡು ಮಾತು ಅಷ್ಟು ಜನರ ನಡುವೆ ಹೇಳಲಾಗದೆ ಮೆಲ್ಕಾರಿನವರೆಗೆ ಹೋಗಿ, ನಡೆದು ಬಂದಿದ್ದಳು. ಬಸ್ಸಿನವರು ಮರೆತರು ಎಂದು ಮನೆಯಲ್ಲಿ ಹೇಳಿದ್ದಳು. ಇಡೀ ಬಸ್ಸಿನಲ್ಲಿ ತನ್ನಂಥವಳು ತಾನೊಬ್ಬಳೇ ಎಂದು ಅಂದುಕೊಂಡಿದ್ದಳು ಆಗ.

ಸೋಮವಾರ ಅವಳು ಪ್ರೋಗ್ರಾಮಿನ ಆ ನಿಯಮವನ್ನು ತೆಗೆದು ಬೇರೆ ಬರೆದಳು. ಒತ್ತಡ ಹೆಚ್ಚಾದಷ್ಟೂ ಕೂಗಬೇಕೆನಿಸುತ್ತದೆ. ಸುತ್ತ ಕಣ್ಣುಗಳು ಹೆಚ್ಚಾದಷ್ಟೂ ಕೂಗಲಾಗುವುದಿಲ್ಲ. ಅಕ್ಕಪಕ್ಕದವರು ಸುಮ್ಮನಿದ್ದರೆ ತಾನೂ ಸುಮ್ಮನಿರಬೇಕು. ಆ ನಿಯಮಕ್ಕೆ ‘ಮರ್ಯಾದೆ’ ಎಂದು ಹೆಸರಿಟ್ಟಳು.

ಕಮಲಾಕ್ಷ ಸರ್ ಕನ್ನಡಕ ಮೇಲೇರಿಸಿ ನೋಡಿದರು. “ಇದಕ್ಕೆ ಆಧಾರ ಯಾವುದು? ಯಾವ ರಿಸರ್ಚ್ ಪೇಪರಿನಲ್ಲಿ ಉಂಟು?”

“ಪೇಪರಿನಲ್ಲಿ ಇಲ್ಲ ಸರ್.”

“ಮತ್ತೆ?”

ಅವಳು ಸಿಸಿಟಿವಿಯ ಆ ಚಿತ್ರವನ್ನು ತೆರೆದು ಪರದೆಯನ್ನು ಅವರ ಕಡೆ ತಿರುಗಿಸಿದಳು. ಸರ್ ಒಂದೊಂದೇ ಮುಖ ನೋಡಿದರು. ನೋಡುತ್ತ ನೋಡುತ್ತ ಅವರ ಕೈ ತಮ್ಮ ಬಾಯಿಯ ಮೇಲೆ ಹೋಯಿತು. “ನಾನು ಇದ್ದರೂ ಕೂಗುತ್ತಿರಲಿಲ್ಲ ಅಂತ ಕಾಣ್ತದೆ,” ಎಂದರು ಮೆಲ್ಲಗೆ. ಆಮೇಲೆ, “ಓಡಿಸು,” ಎಂದರು.

ಶಟರ್ ಹಾಕಿ, ಮರ್ಯಾದೆಯನ್ನೂ ಇಟ್ಟು ಓಡಿಸಿದ ಇನ್ನೂರರಲ್ಲಿ ನೂರ ಎಪ್ಪತ್ತೊಂದು ಸಲ ಶಟರಿನ ಬುಡದಲ್ಲಿ ಯಾರಾದರೂ ಸತ್ತರು. ಹೆಚ್ಚಿನ ಸಲ ಅದು ಎಲ್ಲಕ್ಕಿಂತ ಮುಂದಿನ ಚುಕ್ಕಿಯೇ. ಶಟರ್ ಹಾಕದೆ ಓಡಿಸಿದರೆ ನೂರ ತೊಂಬತ್ತಾರು ಸಲ ಯಾರಿಗೂ ಏನೂ ಆಗಲಿಲ್ಲ. ಕುರ್ಚಿಗಳ ಹಿಂದೆ ಜನ ಒತ್ತಾಗಿ ನಿಂತರು, ಅಷ್ಟೆ. ಸರ್ ಸ್ವಲ್ಪ ಯೋಚಿಸಿ, “ಶಟರ್ ಇರಲಿ. ಬಾಗಿಲು ಕಾಯುವವನನ್ನು ಒಳಗಿನಿಂದ ತೆಗೆದು ಈಚೆ ಹಾಕು. ಮೆಟ್ಟಿಲಲ್ಲಿ ನಿಲ್ಲಿಸು,” ಎಂದರು. ಹಾಗೆ ನಿಲ್ಲಿಸಿದಾಗ ಇನ್ನೂರಕ್ಕೆ ಇನ್ನೂರು ಸಲವೂ ಎಲ್ಲರೂ ಊಟಕ್ಕೆ ಕೂತರು.

ಆ ಸಂಜೆ ಅಪ್ಪ ಜಗಲಿಯಲ್ಲಿ, ಅಮ್ಮ ಅಲ್ಲೇ ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತ ಕೂತಿದ್ದಳು. ಸಾತ್ವಿಕಾ ಚೀಲ ಕೂಡ ಇಳಿಸದೆ ಅಪ್ಪನ ಎದುರು ಮೆಟ್ಟಿಲಲ್ಲಿ ಕೂತಳು.

“ಆಯ್ತು ಅಪ್ಪ.”

“ಹೇಳು.”

“ನೀವು ಶಟರ್ ಹಾಕದಿದ್ದರೆ ಅವರು ಬದುಕುತ್ತಿದ್ದರು. ಇನ್ನೂರರಲ್ಲಿ ನೂರ ತೊಂಬತ್ತಾರು ಸಲ.”

ಅಮ್ಮನ ಕೈಯಿಂದ ಬೀಜ ಜಾರಿತು. “ಇದೆಂಥ ಮಾತು! ಹೆತ್ತ ಅಪ್ಪನಿಗೆ ಹೀಗೆ ಹೇಳುವುದಾ? ಆ ಪೆಟ್ಟಿಗೆಗೆ ಎಂತ ಗೊತ್ತುಂಟು?”

“ಕುಸುಮ, ಅವಳು ಹೇಳಲಿ,” ಎಂದರು ಅಪ್ಪ. ಅವರ ಸ್ವರದಲ್ಲಿ ಸಿಟ್ಟು ಇರಲಿಲ್ಲ. “ನನಗೆ ಗೊತ್ತಿತ್ತು. ಪಾದದ ಮೇಲೆ ಬಿದ್ದ ಭಾರ ನನ್ನದು, ನನಗೆ ಗೊತ್ತಾಗುವುದಿಲ್ಲವಾ? ಒಂದು ವರ್ಷದಿಂದ ಎಲ್ಲರೂ ಹಣೆಬರಹ ಹೇಳಿ ಹೇಳಿ, ನನಗೆ ತಲೆ ಕೆಟ್ಟಿದೆಯಾ ಅಂತ ನನಗೇ ಸಂಶಯ ಬಂದಿತ್ತು.”

ಅವರು ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಆಮೇಲೆ ಕೇಳಿದರು. “ಒಂದು ಹೇಳು. ನಾನು ಎರಡು ಕೋಲು ದೂರದಲ್ಲಿ ಇದ್ದೆ. ಒಬ್ಬರಾದರೂ ಕರೆದಿದ್ದರೆ ತೆಗೀತಿದ್ದೆ. ಯಾಕೆ ಕರೀಲಿಲ್ಲ?”

ಹೆಸರು ಬೇಡ ಎಂದ ಮುದುಕನ ಮುಖ ಅವಳ ಕಣ್ಣೆದುರು ಬಂತು. ಆ ಒಂದು ಹೆಸರು ಹೇಳಿದ್ದರೆ ಅಪ್ಪನ ಭಾರದಲ್ಲಿ ಅರ್ಧ ಇಳಿಯುತ್ತಿತ್ತು.

“ಯಾರೂ ಕರೀಲಿಲ್ಲ ಅಪ್ಪ. ಅಷ್ಟು ಜನರಲ್ಲಿ ಒಬ್ಬರೂ ಇಲ್ಲ. ಊಟದ ಬಾಗಿಲಲ್ಲಿ ಬೊಬ್ಬೆ ಹಾಕಲಿಕ್ಕೆ ನಾಚಿಕೆ.”

ಅಪ್ಪ ಅಂಗಳ ನೋಡುತ್ತ ಕೂತರು. ಆಮೇಲೆ, “ನಾಳೆ ಅವರ ಮನೆಗೆ ಹೋಗುವ. ನೀನೂ ಬಾ,” ಎಂದರು.

ಚನಿಯಪ್ಪ ಅವರಿಬ್ಬರನ್ನೂ ಜಗಲಿಯಲ್ಲಿ ಕೂರಿಸಿದರು. “ಇವಳು ನಿಮ್ಮ ಮಗಳಾ ಭೋಜಣ್ಣ?” ಎಂದು ಕೇಳಿದರು. ಸಾತ್ವಿಕಾಳಿಗೆ ಅರ್ಥವಾಯಿತು. ಅವಳು ತಲೆ ತಗ್ಗಿಸಿದಳು. ಸೊಸೆ ಚಹಾ ಇಟ್ಟು ಒಳಗೆ ಹೋದಳು.

ಅಪ್ಪ ಚಹಾ ಮುಟ್ಟಲಿಲ್ಲ. “ಚನಿಯಪ್ಪಣ್ಣ, ನಾನು ಸುತ್ತಿ ಬಳಸಿ ಹೇಳುವುದಿಲ್ಲ. ಬಾಗಿಲು ಹಾಕಿದವ ನಾನು. ಹಾಕದಿದ್ದರೆ ಅಮ್ಮಣಿಯಕ್ಕ ಇವತ್ತು ಇಲ್ಲಿ ಇರ್ತಿದ್ದರು. ಲೆಕ್ಕ ಹಾಕಿ ನೋಡಿ ಆಯ್ತು. ನಿಮ್ಮ ಹತ್ತಿರ ಇದನ್ನು ಹೇಳದೆ ನನಗೆ ಬದುಕಲಿಕ್ಕೆ ಆಗುವುದಿಲ್ಲ.”

ಚನಿಯಪ್ಪನವರ ತುಟಿ ಅಲುಗಿತು. ಒಳಗೆ ಸೊಸೆಯ ಬಳೆಯ ಸದ್ದು ಕೇಳಿತು. “ಹಾಗೆಲ್ಲ ಹೇಳಬೇಡಿ ಭೋಜಣ್ಣ,” ಎಂದರು ಅವರು. “ಹಣೆಬರಹ. ನೀವು ಎಂತ ಮಾಡಲಿಕ್ಕೆ ಆಗ್ತದೆ?”

ಅಪ್ಪನ ತಲೆ ನಿಧಾನಕ್ಕೆ ಬಗ್ಗಿತು. ಆ ಮಾತನ್ನು ಇಲ್ಲಿಯೂ ಕೇಳಬೇಕಾಗುತ್ತದೆಂದು ಅವರು ಎಣಿಸಿರಲಿಲ್ಲ. ಸಾತ್ವಿಕಾ ಅಪ್ಪನ ಕುತ್ತಿಗೆ ನೋಡಿದಳು, ಮುದುಕನ ಕೈ ನೋಡಿದಳು. ಇನ್ಯಾರಾದರೂ ಮಾತಾಡಿಯಾರು ಎಂದು ಕಾಯುವುದು ಅವಳಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಅಲ್ಲಿ ಇನ್ಯಾರೂ ಇರಲಿಲ್ಲ.

“ಅಜ್ಜ,” ಎಂದಳು. ಸ್ವರ ಅವಳಿಗೇ ಜೋರಾಗಿ ಕೇಳಿತು. “ಹಣೆಬರಹ ಅಂತ ಹೇಳಿದವರು ಅಪ್ಪನಿಗೆ ತುಂಬ ಜನ ಉಂಟು.”

ಉಳಿದದ್ದನ್ನು ಹೇಳುವುದು ಅವಳ ಕೆಲಸವಾಗಿರಲಿಲ್ಲ.

ಚನಿಯಪ್ಪ ಅವಳನ್ನು ನೋಡಿದರು. ಸಿಟ್ಟೋ, ಬೇಡಿಕೆಯೋ, ಆ ನೋಟ ಎಷ್ಟೋ ಹೊತ್ತು ಇತ್ತು. ಆಮೇಲೆ ಅವರು ಒಳಗಿನ ಬಾಗಿಲ ಕಡೆ ತಿರುಗಿ, “ವಿಸ್ಮಿತಾ, ನೀನೂ ಬಾ,” ಎಂದು ಸೊಸೆಯನ್ನು ಕರೆದರು. ಅವಳು ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತ ಮೇಲೆ, ಮೊನ್ನೆ ಜಗಲಿಯಲ್ಲಿ ಹೇಳಿದ್ದನ್ನು ಮತ್ತೆ ಹೇಳಿದರು. ಈ ಸಲ ಇನ್ನೂ ಕಷ್ಟಪಟ್ಟು, ನಡುನಡುವೆ ನಿಂತು. ಬೊಬ್ಬೆ ಹಾಕಬೇಡ ಎಂದದ್ದು, ಹಿಂದಿನವರ ಕಡೆ ತಿರುಗಿ ನಕ್ಕದ್ದು, ಅಮ್ಮಣಿಯ ಕೈ ತನ್ನ ಕೈಯಲ್ಲಿ ತಣ್ಣಗಾದರೂ ಗೊತ್ತಾಗದ್ದು.

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ಎದ್ದು ಹೋಗಿ ಚನಿಯಪ್ಪನವರ ಪಕ್ಕದಲ್ಲಿ, ಅದೇ ಚಾಪೆಯಲ್ಲಿ ಕೂತರು. ಯಾರೂ ಯಾರನ್ನೂ ಸಮಾಧಾನ ಮಾಡಲಿಲ್ಲ. ಚಹಾದ ಮೇಲೆ ಕೆನೆ ಕಟ್ಟಿತು.

“ಆ ಲೆಕ್ಕ,” ಎಂದರು ಚನಿಯಪ್ಪ. “ಅದರಲ್ಲಿ ಅವಳು ಬದುಕಿದ್ದೂ ಉಂಟಾ ಮಗಾ?”

“ಉಂಟು ಅಜ್ಜ.”

“ಹಾಗಾದರೆ ಒಂದು ಸಲ ತೋರಿಸು.”

ಅವಳು ಚೀಲದಿಂದ ಲ್ಯಾಪ್‌ಟಾಪು ತೆಗೆದು ಚಾಪೆಯ ಎದುರು ಇಟ್ಟಳು. ಬಿಸಿಲು ಬೀಳದ ಹಾಗೆ ಸೊಸೆ ಸೆರಗು ಅಡ್ಡ ಹಿಡಿದಳು. ಮೆಟ್ಟಿಲುಗಳು ಬಂದವು, ಚುಕ್ಕಿಗಳು ಬಂದವು.

“ಇದು ಯಾರು, ಅಡ್ಡ ನಿಂತವರು?” ಅಪ್ಪ ಕೇಳಿದರು.

“ಬಾಗಿಲು ಕಾಯುವವರು. ಒಳಗಿಲ್ಲ, ಈಚೆ ಇದ್ದಾರೆ. ಜನರ ಒಟ್ಟಿಗೆ, ತಿರುವಿನಲ್ಲಿ. ಅಲ್ಲಿಂದ ಮೇಲಿನವರೂ ಕಾಣ್ತಾರೆ, ಕೆಳಗಿನವರೂ ಕಾಣ್ತಾರೆ.”

ಅಪ್ಪ ಆ ಚುಕ್ಕಿಯನ್ನೇ ನೋಡಿದರು. “ಉಜ್ವಲ್‌ನ ಮದುವೆಗೆ ನಾನು ಅಲ್ಲಿ ನಿಲ್ತೇನೆ,” ಎಂದರು.

“ಅವಳು ಯಾವುದು?” ಎಂದರು ಚನಿಯಪ್ಪ.

ಸಾತ್ವಿಕಾ ಬೆರಳು ತೋರಿಸಿದಳು. ಚನಿಯಪ್ಪ ಬಗ್ಗಿದರು. ಆ ಚುಕ್ಕಿ ಕೊನೆಯ ಮೆಟ್ಟಿಲಲ್ಲಿ ಸ್ವಲ್ಪ ಹೊತ್ತು ನಿಂತಿತು. ಹಿಂದೆ ಜಾಗ ಇತ್ತು. ಶಟರ್ ಎದ್ದಿತು. ಚುಕ್ಕಿ ಒಳಗೆ ಹೋಗಿ, ಮೂರನೇ ಸಾಲಿನಲ್ಲಿ ತಿರುಗಿ, ಒಂದು ಕುರ್ಚಿಯ ಹತ್ತಿರ ನಿಂತಿತು.

“ಕೂತಳಾ?”

“ಕೂತರು.”

“ನಾನೆಲ್ಲಿ?”

“ಅವರ ಪಕ್ಕದಲ್ಲೇ, ಇಲ್ಲಿ.”

ಉಳಿದ ಚುಕ್ಕಿಗಳೂ ಒಂದೊಂದಾಗಿ ಕೂತವು. ಪರದೆ ನಿಶ್ಚಲವಾಯಿತು. ಚನಿಯಪ್ಪ ಇನ್ನೂ ಕಾಯುತ್ತಿದ್ದರು.

“ಬಡಿಸುವುದು ಇಲ್ಲವಾ ಇದರಲ್ಲಿ?”

“ಇಲ್ಲ ಅಜ್ಜ. ಕೂತಲ್ಲಿಗೆ ಮುಗಿಯುತ್ತದೆ.”

ಅವರು ತಲೆಯಾಡಿಸಿದರು. ಲ್ಯಾಪ್‌ಟಾಪು ಮುಚ್ಚಲು ಅವಳು ಕೈ ಚಾಚಿದಾಗ ಚನಿಯಪ್ಪ ಅವಳ ಮಣಿಕಟ್ಟು ಹಿಡಿದರು.

“ಇರಲಿ ಮಗಾ,” ಎಂದರು. “ಸ್ವಲ್ಪ ಹೊತ್ತು ಹಾಗೆಯೇ ಇರಲಿ.”